ಸಪಾಟು ದಾರಿ, ಮೂರನೇ ಪಂಕ್ಚರ್

ಕಂತು ಏಳು

"ಆರು ಬಾಟ್ಲಿ ಕೊಡಿ ಕೋಚ್. ನಾಲ್ಕು ಬರೀ ನೀರು, ಎರಡು ಸಕ್ಕರೆ ಹಾಕಿದ್ದು. ಬೇಗ! ಹಿಂದಿನ ಕಾರಿನವರು ಹಾರ್ನ್ ಹೊಡೆದು ಹೊಡೆದು ನನ್ನ ಕಿವಿ ತೂತು ಮಾಡಿದ್ರು."

ಓಡುವ ಕಾರಿನ ಕಿಟಕಿಯನ್ನು ಒಂದು ಕೈಯಲ್ಲಿ, ಸೈಕಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಏಣಿ ಹೀಗೆ ಕೂಗಿದಳು. ತಂಡದ ಆರು ಹುಡುಗಿಯರಲ್ಲಿ ಅವಳೇ ಎತ್ತರ. ಹೆಸರು ಹಾಗೆ ಅಂಟಿಕೊಂಡದ್ದು. ಕಾರಿನ ವೇಗ ಗಂಟೆಗೆ ನಲವತ್ತು ಕಿಲೋಮೀಟರ್. ಏಣಿಯ ವೇಗವೂ ಅಷ್ಟೇ.

ಕೋಚ್ ಒಂದು ಕೈಯಲ್ಲಿ ಕಾರು ಓಡಿಸುತ್ತ ಇನ್ನೊಂದು ಕೈಯಲ್ಲಿ ಬಾಟಲಿಗಳನ್ನು ಹೊರಗೆ ದಾಟಿಸಿದಳು. ಅವುಗಳನ್ನು ಅವಳ ಕೈಗೆ ಎತ್ತಿಕೊಡುತ್ತಿದ್ದವಳು ಪಕ್ಕದ ಸೀಟಿನ ಟಿಕೆಟಮ್ಮ. ಏಣಿ ನಾಲ್ಕನ್ನು ಬೆನ್ನಿನ ಜೇಬುಗಳಿಗೆ ತುರುಕಿ, ಎರಡನ್ನು ಕುತ್ತಿಗೆಯ ಕಡೆಯಿಂದ ಅಂಗಿಯೊಳಗೆ ಇಳಿಬಿಟ್ಟಳು.

"ಅಯ್ಯೋ ಮಗೂ, ಗೂನು ಬೆನ್ನು, ಗುಡಾಣ ಹೊಟ್ಟೆ ಎರಡೂ ಒಟ್ಟಿಗೇ ಬಂತಲ್ಲೇ!" ಎಂದಳು ಟಿಕೆಟಮ್ಮ.

"ಇದೇ ನನ್ನ ಕೆಲಸ ಟಿಕೆಟಮ್ಮ. ಗುಬ್ಬಿ ಪಲ್ಲಕ್ಕೀಲಿ, ನಾನು ಪಲ್ಲಕ್ಕಿ ಕೆಳಗೆ." ಏಣಿ ನಕ್ಕಳು. "ಕಳ್ಳ ಸಿಕ್ಕಿದ್ನಾ?"

"ಸಿಗ್ತಾನೆ. ರೈಲು ಹೊರಟ ಮೇಲೆ ಟಿಕೆಟ್ ಇಲ್ಲದವನು ಎಲ್ಲಿಗೆ ಹೋಗ್ತಾನೆ?"

ಏಣಿ ಕಿಟಕಿ ಬಿಟ್ಟಳು. ನೀರಿನ ಲಾರಿಯ ಹಾಗೆ ತುಂಬಿಕೊಂಡು ಮುಂದಿನ ಗುಂಪಿನ ಕಡೆಗೆ ತುಳಿದಳು.

ಎರಡು ದಿನ, ಎರಡು ಪಂಕ್ಚರ್, ಎರಡೂ ಟೈರಿನ ಒಳಮೈಯಲ್ಲಿ ಅಂಟಿಸಿಟ್ಟ ಉಪ್ಪುಕಾಗದದ ಚೂರು; ಇಲ್ಲಿಯವರೆಗಿನ ಕಥೆ ಇಷ್ಟೇ.

ಎರಡು ಸಲವೂ ಗಾಳಿ ಕಳೆದುಕೊಂಡವಳು ಗುಬ್ಬಿ. ಆರು ದಿನಗಳ ಈ ಓಟದಲ್ಲಿ ಒಟ್ಟು ಸಮಯದಲ್ಲಿ ಮುಂದಿರುವವಳು ಹಳದಿ ಅಂಗಿ ತೊಡುತ್ತಾಳೆ. ಮೊದಲ ದಿನ ಒಬ್ಬೊಬ್ಬರೇ ಓಡಿದ ಪಂದ್ಯದಲ್ಲಿ ಗುಬ್ಬಿ ಎಲ್ಲರಿಗಿಂತ ನಲವತ್ತೆಂಟು ಸೆಕೆಂಡು ಮುಂದಿದ್ದಳು. ಮೊದಲ ಪಂಕ್ಚರ್ ಇಪ್ಪತ್ತೆರಡನ್ನು ತಿಂದಿತು. ಎರಡನೆಯದು ಹತ್ತೊಂಬತ್ತನ್ನು. ಇವತ್ತು ನಾಲ್ಕನೇ ದಿನ. ಉಳಿದಿರುವುದು ಏಳು ಸೆಕೆಂಡು.

ಬೆಳಿಗ್ಗೆ ತಿಂಡಿಯ ಮೇಜಿನ ಬಳಿ ಮುಖ್ಯ ತೀರ್ಪುಗಾರ್ತಿ ಬಂದು ಒಂದು ಚೀಟಿ ಓದಿದ್ದಳು. ಹುಡುಗಿಯರ ಚಮಚಗಳು ನಿಂತವು. ತಪ್ಪೋ ತುಂಟತನವೋ, ತೀರ್ಪುಗಾರರಿಗೆ ಅದು ಬೇಕಿಲ್ಲ. ಈ ತಂಡದ ಚಕ್ರದಲ್ಲಿ ಮೂರನೇ ಸಲ ಗಾಳಿ ಹೋದರೆ ಮೆಕ್ಯಾನಿಕ್ ಇವತ್ತೇ ಮನೆಗೆ, ಅವನ ಪರವಾನಗಿ ಕಾಯಂ ರದ್ದು. ಗುಬ್ಬಿ ಮಾತ್ರ ತಲೆ ಎತ್ತದೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಸವರಿದ್ದರ ಮೇಲೆ ಮತ್ತೆ ಸವರಿದಳು.

ಆ ಮೆಕ್ಯಾನಿಕ್ಕೇ ಈಗ ಹಿಂದಿನ ಸೀಟಿನಲ್ಲಿ ಮೂರು ಚಕ್ರಗಳ ಮಧ್ಯೆ ಪಂಜರದ ಗಿಣಿಯಂತೆ ಕುಳಿತಿದ್ದ. ಗುಬ್ಬಿಯ ತಾಯಿಯ ತಮ್ಮ. ಗುಬ್ಬಿಗೆ ಮಾವ, ಆದ್ದರಿಂದ ತಂಡಕ್ಕೆಲ್ಲ ಮಾವ. ಅವಳಿಗೆ ಆರು ವರ್ಷ ಇದ್ದಾಗ ಸೈಕಲ್ ಮೇಲೆ ಕೂರಿಸಿದವನೂ ಅವನೇ, ಬಿದ್ದಾಗ ಮಂಡಿಗೆ ಔಷಧಿ ಹಚ್ಚಿದವನೂ ಅವನೇ. ಕೆಲಸ ಬಿಟ್ಟರೆ ಅವನಿಗೆ ಬೇರೆ ಮನೆ ಇರಲಿಲ್ಲ.

ಟಿಕೆಟಮ್ಮನನ್ನು ಕರೆಸಿದವಳು ಮುಖ್ಯ ತೀರ್ಪುಗಾರ್ತಿ. ಅವಳು ಟಿಕೆಟಮ್ಮನ ಒಡಹುಟ್ಟಿದ ತಂಗಿ. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಅಕ್ಕನಿಗೆ ಸೈಕಲ್ ಹತ್ತಲೂ ಬರುವುದಿಲ್ಲ ಎಂದು ತಂಗಿಗೆ ಗೊತ್ತಿತ್ತು. "ಅದೇ ಒಳ್ಳೇದು. ಸೈಕಲ್ ಗೊತ್ತಿರೋರೆಲ್ಲ ಮಾವನ ಕಡೇನೇ ಬೆರಳು ತೋರಿಸ್ತಿದ್ದಾರೆ" ಎಂದಿದ್ದಳು. "ಮೂರನೇದು ಆದ್ರೆ ನನ್ನ ಕೈ ಕಟ್ಟಿಹೋಗುತ್ತೆ ಅಕ್ಕ. ಆಗೋಕ್ಮುಂಚೆ ಹಿಡಿ."

ದಾರಿ ಚಪಾತಿ ಲಟ್ಟಿಸಿದಂತೆ ಸಪಾಟಾಗಿತ್ತು. ಎಡಕ್ಕೆ ಕಾಲುವೆ, ಬಲಕ್ಕೆ ಹೊಲ, ಮುಂದೆ ನೂರಾ ಹತ್ತು ಬೆನ್ನುಗಳು. ನೂರಾ ಮೂವತ್ತು ಕಿಲೋಮೀಟರಿನಲ್ಲಿ ಇದ್ದ ಒಂದೇ ಏರು ಎಂದರೆ ಕಾಲುವೆಯ ಸೇತುವೆ. ಮೂವರು ಹುಡುಗಿಯರು ಬೆಳಿಗ್ಗೆಯೇ ಗುಂಪು ಬಿಟ್ಟು ಓಡಿಹೋಗಿದ್ದರು. ಅವರನ್ನು ಹಿಡಿಯಲು ಯಾರಿಗೂ ಆತುರ ಇರಲಿಲ್ಲ.

"ಇದು ಯಾವಾಗಲೂ ಹೀಗೇನಾ ಮಾವ? ಮೂರು ಗಂಟೆಯಿಂದ ನೋಡ್ತಿದ್ದೀನಿ, ಒಂದು ಕಾಗೆ ಹಾರಿದ್ದು ಬಿಟ್ರೆ ಏನೂ ಆಗ್ಲಿಲ್ಲ."

"ಸಪಾಟು ದಾರಿ ಅಂದ್ರೆ ಹಾಗೇ ಟಿಕೆಟಮ್ಮ. ಮೂರು ಗಂಟೆ ಏನೂ ಆಗಲ್ಲ. ಕೊನೇ ಮೂರು ನಿಮಿಷದಲ್ಲಿ ಎಲ್ಲಾ ಆಗುತ್ತೆ. ಗುಬ್ಬಿಗೆ ಗೆಲ್ಲೋ ಅವಸರ ಇಲ್ಲ. ಗುಂಪಿನ ಜೊತೆ ಗುಂಪಾಗಿ ಗೆರೆ ದಾಟಿದ್ರೆ ಸಾಕು, ಗುಂಪಿನ ಸಮಯವೇ ಅವಳಿಗೂ."

"ಮತ್ತೆ ಕೊನೇಲಿ ಗಾಳಿ ಹೋದ್ರೆ?"

"ಕೊನೇ ಮೂರು ಕಿಲೋಮೀಟರಿನ ಒಳಗೆ ಹೋದ್ರೆ ಮಾಫಿ. ಅದಕ್ಕೆ ಮೊದಲು ಹೋದ್ರೆ..." ಮಾವ ಕೈ ತಿರುವಿ ತೋರಿಸಿದ. "ಆಗ ಗುಂಪು ರೈಲಿನ ಹಾಗೆ ಓಡ್ತಿರುತ್ತೆ. ತಪ್ಪಿಸಿಕೊಂಡ್ರೆ ತಪ್ಪಿತು."

"ಮೊನ್ನೆ ಹನ್ನೊಂದು ಕಿಲೋಮೀಟರ್ ಇದ್ದಾಗ, ನಿನ್ನೆ ಒಂಬತ್ತು ಇದ್ದಾಗ. ಉಪ್ಪುಕಾಗದಕ್ಕೂ ವೇಳಾಪಟ್ಟಿ ಇದ್ಹಾಗಿದೆ."

"ಇದೆ" ಎಂದ ಮಾವ ಬೇಸರದಿಂದ. "ಒಳಗಿನ ರಬ್ಬರು ಸವೆದು ತೂತಾಗೋಕೆ ನೂರು, ನೂರಾ ಹತ್ತು ಕಿಲೋಮೀಟರ್ ಬೇಕು. ಒರಟು ಕಾಗದ ಆದ್ರೆ ಬೇಗ, ನಯ ಆದ್ರೆ ನಿಧಾನ. ಮಾಡಿದವನಿಗೆ ಲೆಕ್ಕ ಗೊತ್ತು."

"ಮಾಡಿದವಳು ಅನ್ನಿ" ಎಂದಳು ಟಿಕೆಟಮ್ಮ.

ಕಾರು ಸ್ವಲ್ಪ ಎಡಕ್ಕೆ ವಾಲಿ ಮತ್ತೆ ನೇರವಾಯಿತು. ಟಿಕೆಟಮ್ಮ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ಒಂದು ಮಾವನಿಗೆ ಕೊಟ್ಟಳು, ಒಂದನ್ನು ಕೋಚ್ ಬಾಯಿಗೇ ಇಟ್ಟಳು.

"ನಿಮ್ಮ ಭುಜ ಹೇಗಿದೆ ಮಾವ?"

"ಯಾವ ಭುಜ?"

"ಬಲಗಡೇದು. ಬೆಳಿಗ್ಗೆ ಅಂಗಿ ಹಾಕೋವಾಗ ಎಡಗೈ ಮೊದಲು ತೂರಿಸಿ ಬಲಗೈಗೆ ಲಾಲಿ ಹಾಡ್ತಿದ್ರಲ್ಲ."

"ಅದಾ! ಹೋದ ಚಳಿಗಾಲದಲ್ಲಿ ಹಿಡ್ಕೊಂಡಿದ್ದು. ಬಿಡ್ತಾ ಇಲ್ಲ. ಹೆಂಡ್ತಿ ಇದ್ದಿದ್ರೆ ಅವಳೂ ಇಷ್ಟು ಗಟ್ಟಿಯಾಗಿ ಹಿಡ್ಕೊಳ್ತಿರಲಿಲ್ಲ."

"ಅದಕ್ಕೇ ಟೈರಿನ ಹೆಸರು ಎಡಕ್ಕೆ ಹೋಯ್ತು ಅಲ್ವಾ?"

ಮಾವನ ಬಿಸ್ಕತ್ತು ಬಾಯಿಯ ಹತ್ತಿರ ನಿಂತಿತು.

ಟಿಕೆಟಮ್ಮ ಬೆಳಿಗ್ಗೆ ಒಂದು ಗಂಟೆ ತಂಡದ ಲಾರಿಯಲ್ಲಿ ಕಳೆದಿದ್ದಳು. ಲಾರಿಯ ಒಳಗೆ ಗ್ರೀಸಿನ ವಾಸನೆ, ಕೊಕ್ಕೆಗೆ ತೂಗುಹಾಕಿದ ಹದಿನಾರು ಚಕ್ರಗಳು, ಗಾತ್ರದ ಪ್ರಕಾರ ಸಾಲಾಗಿ ಮಲಗಿದ ಪಾನಾಗಳು. ಟೈರಿನ ಒಂದು ಬದಿಗೆ ಕಂಪನಿಯ ಹೆಸರು ಬರೆದಿರುತ್ತದೆ. ಆ ಹೆಸರು ಸರಿಯಾಗಿ ಗಾಳಿ ಹಾಕುವ ಮೂತಿಯ ನೇರಕ್ಕೆ ಬರುವಂತೆ ಮೆಕ್ಯಾನಿಕ್ಕುಗಳು ಟೈರು ಕೂರಿಸುತ್ತಾರೆ. ಅಂದಕ್ಕಲ್ಲ. ಒಳಗಿನ ಟ್ಯೂಬಿನಲ್ಲಿ ತೂತು ಸಿಕ್ಕರೆ ಮೂತಿಯಿಂದ ಎಷ್ಟು ಗೇಣು ಎಂದು ಅಳೆದು, ಹೆಸರಿನಿಂದ ಅಷ್ಟೇ ಗೇಣು ಅಳೆದರೆ, ಚುಚ್ಚಿದ ಮುಳ್ಳು ಟೈರಿನಲ್ಲಿ ಎಲ್ಲಿದೆ ಎಂದು ತಿಳಿಯುತ್ತದೆ. ಇದನ್ನು ಮಾವನೇ ಅವಳಿಗೆ ಹೇಳಿಕೊಟ್ಟಿದ್ದ.

ಹದಿನಾರರಲ್ಲಿ ಎಂಟು ಹಿಂದಿನ ಚಕ್ರಗಳು. ಹಿಂದಿನ ಚಕ್ರಕ್ಕೆ ಸರಪಳಿಯ ಹಲ್ಲುಗಳಿರುವ ಕಾರಣ ಅದರ ಎಡ ಬಲ ಅಂಗನವಾಡಿ ಮಗುವಿಗೂ ಗೊತ್ತಾಗುತ್ತದೆ. ಆರರಲ್ಲಿ ಹೆಸರು ಎಡಬದಿಗಿತ್ತು. ಎರಡರಲ್ಲಿ ಬಲಬದಿಗಿತ್ತು. ಆ ಎರಡು, ಗಾಳಿ ಹೋದ ಎರಡು.

"ಸಾವಿರ ಟಿಕೆಟ್ ಮಧ್ಯೆ ಒಂದರ ತೂತು ಬೇರೆ ಮೂಲೇಲಿದ್ರೆ ನನ್ನ ಬೆರಳಿಗೇ ತಿಳಿಯುತ್ತೆ" ಎಂದಳು ಟಿಕೆಟಮ್ಮ. "ಮಾವ, ನೀವು ಹೆಸರನ್ನ ಮೊದಲಿಂದಲೂ ಎಡಕ್ಕೆ ಹಾಕ್ತಿದ್ರಾ?"

"ಎಲ್ಲಿ! ನಲವತ್ತು ವರ್ಷ ಬಲಕ್ಕೇ ಹಾಕಿದ್ದು. ಎಲ್ಲರೂ ಬಲಕ್ಕೇ ಹಾಕೋದು. ಈ ಭುಜ ಕೈ ಕೊಟ್ಟ ಮೇಲೆ ಚಕ್ರಾನ ಆ ಕಡೆ ತಿರುಗಿಸಿ ಇಟ್ಕೊಂಡು ಎಡಗೈಲಿ ಒತ್ತಬೇಕು. ಕಣ್ಣಿಗೆ ಕಾಣೋ ಬದಿಗೆ ಹೆಸರು ಬರುತ್ತೆ."

"ಗಾಳಿ ಹೋದ ಎರಡರಲ್ಲೂ ಬಲಕ್ಕಿದೆ."

"ಬಲಕ್ಕಾ?" ಮಾವ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಅವನ ಮುಖ ನಿಧಾನವಾಗಿ ಬದಲಾಯಿತು. "ಹೌದು. ಬಲಕ್ಕಿತ್ತು. ಅಯ್ಯೋ, ಎರಡು ದಿನಾನೂ ಬೆಳಿಗ್ಗೆ ನಾನೇ ಗಾಳಿ ತುಂಬಿದೆನಲ್ಲ!"

"ಕಾಣಲಿಲ್ವಾ?"

"ಕಂಡಿರುತ್ತೆ. ನಲವತ್ತು ವರ್ಷ ಬಲಕ್ಕೆ ನೋಡಿದ ಕಣ್ಣು ಇದು. ಬಲಕ್ಕೆ ಕಂಡ್ರೆ ಸರಿ ಇದೆ ಅಂತಲೇ ಅನ್ಸುತ್ತೆ."

"ಹಾಗಾದ್ರೆ ನೀವಲ್ಲ. ನಿಮ್ಮ ಭುಜ ನಿಮ್ಮ ಪರ ಸಾಕ್ಷಿ ಹೇಳ್ತಿದೆ." ಟಿಕೆಟಮ್ಮ ಮಡಿಲಿನ ಮೇಲಿನ ಪುಡಿ ಕೊಡವಿದಳು. "ಅಂಟು ಒಣಗೋಕೆ ಒಂದು ಗಂಟೆ ಬೇಕು. ಲಾರೀಲಿ ಯಾರೂ ಒಂದು ಗಂಟೆ ಬಗ್ಗಿಕೊಂಡು ಕೂರಲ್ಲ. ಕಾಗದ ಅಂಟಿಸಿದ ಟೈರನ್ನ ಕೋಣೇಲೇ ತಯಾರು ಮಾಡಿಕೊಂಡು ಬಂದು, ಮಾವನ ಟೈರು ಪೂರ್ತಿ ಬಿಚ್ಚಿ, ಇದನ್ನ ಏರಿಸಿದ್ದಾರೆ. ನಾಲ್ಕು ನಿಮಿಷದ ಕೆಲಸ. ಲಾರಿ ಕೀಲಿಕೈ ಮಾವನ ಕೋಟಿನ ಜೇಬಲ್ಲಿ, ಕೋಟು ಊಟದ ಕುರ್ಚಿಯ ಬೆನ್ನ ಮೇಲೆ. ಮಾವ ಎರಡನೇ ಸಲ ಬಡಿಸ್ಕೊಳ್ಳೋಕೆ ಹೋಗೇ ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತು."

"ಮೂರನೇ ಸಲಕ್ಕೂ ಹೋಗ್ತೀನಿ" ಎಂದ ಮಾವ, ಪ್ರಾಮಾಣಿಕನಾಗಿ.

"ಕದ್ದು ಮಾಡೋ ಕೆಲಸ. ಆದ್ರೂ ಹೆಸರನ್ನ ಮೂತಿಯ ನೇರಕ್ಕೇ ತಂದು ಕೂರಿಸಿದ್ದಾರೆ. ಬೇರೆ ಕಳ್ಳ ಆಗಿದ್ರೆ ಹೇಗೋ ತುರುಕಿ ಓಡ್ತಿದ್ದ. ಈ ಕೈಗೆ ಹಾಗೆ ಮಾಡೋಕೆ ಬರಲಿಲ್ಲ, ಸರಿಯಾಗಿಯೇ ಮಾಡ್ತು. ಮಾವ ಕಲಿಸಿದ ಹಾಗೆ. ಆದ್ರೆ ಹಿಂದೆ ಯಾವಾಗಲೋ ಕಲಿಸಿದ ಹಾಗೆ." ಟಿಕೆಟಮ್ಮ ಕೋಚ್ ಕಡೆ ತಿರುಗಿದಳು. "ಇಡೀ ತಂಡ ಇವರನ್ನ ಮಾವ ಅನ್ನುತ್ತೆ. ನೀವೊಬ್ರೇ ಮೇಷ್ಟ್ರೇ ಅಂತೀರಿ. ಯಾಕಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಲು ಕೋಚ್ ಕೈ ಖಾಲಿ ಇರಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಮುಂದೆ ನೂರಾ ಹತ್ತು ಸೈಕಲ್, ಹಿಂದೆ ಇಪ್ಪತ್ತು ಕಾರು. ನಿಲ್ಲಿಸಲು ಜಾಗವಿಲ್ಲ, ಇಳಿಯಲು ನಿಲ್ದಾಣವಿಲ್ಲ.

"ನಾನು ಹದಿನೇಳು ವರ್ಷದವಳಿದ್ದಾಗ ಇವರ ಅಂಗಡೀಲಿ ಎರಡು ವರ್ಷ ಕೆಲಸ ಕಲಿತೆ" ಎಂದಳು ಕೋಚ್. ಬಿಸ್ಕತ್ತು ಗಂಟಲಲ್ಲಿ ಸಿಕ್ಕಿತ್ತೋ ಏನೋ, ಕೆಮ್ಮಿದಳು. "ಆಗ ನಾನೂ ಓಡ್ತಿದ್ದೆ. ನಿಮ್ಮ ಸೈಕಲ್ ನೀವೇ ರಿಪೇರಿ ಮಾಡ್ಕೊಳ್ಳೋಕೆ ಬರದಿದ್ರೆ ಹತ್ತಬೇಡಿ ಅಂತಿದ್ರು ಮೇಷ್ಟ್ರು."

"ಈಗಲೂ ಅದೇ ಅಂತೀನಿ" ಎಂದ ಮಾವ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಆಮೇಲೆ ಅರ್ಥವಾಯಿತು. "ಏನು? ನೀನಾ?"

ಮುಂದೆ ದಾರಿ ಬಲಕ್ಕೆ ತಿರುಗಿತು, ಗುಂಪು ಹಾವಿನಂತೆ ತಿರುಗಿತು, ಕಾರೂ ತಿರುಗಿತು.

"ನೀನೇನೇ? ನನ್ನ ಮುಖ ನೋಡಿ ಹೇಳು!"

"ಮುಖ ನೋಡಿದ್ರೆ ಕಾಲುವೆಗೆ ಬೀಳ್ತೀವಿ ಮೇಷ್ಟ್ರೇ."

"ಬೀಳಲಿ!"

"ಬೀಳೋದು ಬೇಡ" ಎಂದಳು ಟಿಕೆಟಮ್ಮ. "ನನಗೆ ಈಜೂ ಬರಲ್ಲ. ಕೋಚಮ್ಮ, ಹೇಳಿಬಿಡಿ. ಬೆನ್ನು ಹಗುರಾಗುತ್ತೆ."

ಕೋಚ್ ಹೇಳಿದಳು. ಕಣ್ಣು ದಾರಿಯ ಮೇಲೆ, ಮಾತು ಹಿಂದಿನ ಸೀಟಿಗೆ.

"ಹಳದಿ ಅಂಗಿ ಯಾವ ತಂಡದಲ್ಲಿದ್ಯೋ ಆ ತಂಡ ಗುಂಪಿನ ಮುಂದೆ ಇರ್ಬೇಕು. ಅದು ಸಂಪ್ರದಾಯ. ಗಾಳಿ ಎದುರಿಸೋದು ನಮ್ಮ ಹುಡುಗೀರು, ಬೆನ್ನ ಹಿಂದೆ ಬೆಚ್ಚಗೆ ಬರೋದು ಉಳಿದವರೆಲ್ಲ. ದೊಡ್ಡ ತಂಡ ಆದ್ರೆ ತಡ್ಕೊಳ್ಳುತ್ತೆ. ನಮ್ಮದು ಆರೇ ಜನ. ಅದಕ್ಕೇ ಬುದ್ಧಿ ಇರೋರು ಏನ್ಮಾಡ್ತಾರೆ ಅಂದ್ರೆ, ಸಪಾಟು ದಿನಗಳಲ್ಲಿ ಅಂಗೀನ ಬೇರೆಯವರಿಗೆ ಬಿಟ್ಟುಕೊಡ್ತಾರೆ. ಬೆಟ್ಟ ಹತ್ತೋಕೆ ಬರದ ಯಾರಿಗಾದ್ರೂ ಸರಿ. ಎರಡು ದಿನ ಅವರು ಗಾಳಿ ತಿನ್ನಲಿ. ಐದನೇ ದಿನ ಬೆಟ್ಟದಲ್ಲಿ ನಾವು ವಾಪಸು ತಗೊಳ್ಳೋಣ."

"ಅಂದ್ರೆ ಕೊಡೆ ಸಾಲ ಕೊಟ್ಟ ಹಾಗೆ" ಎಂದಳು ಟಿಕೆಟಮ್ಮ.

"ಹ್ಞಾಂ. ಮಳೆ ಬರೋವರೆಗೆ. ಗುಬ್ಬಿಗೆ ಹೇಳಿದೆ. ಸುತಾರಾಂ ಒಪ್ಪಲಿಲ್ಲ. 'ಮೊದಲ ದಿನದಿಂದ ಕೊನೇ ದಿನದವರೆಗೆ ಹಾಕ್ಕೊಂಡೇ ಇರ್ತೀನಿ ಅಂತ ಮಾವನಿಗೆ ಮಾತು ಕೊಟ್ಟಿದ್ದೀನಿ' ಅಂದ್ಳು. ಹೋಗಿ ಹೋಗಿ ಇವರಿಗೆ ಮಾತು ಕೊಟ್ಟಿದ್ದಾಳೆ! ಅದಕ್ಕೇ ನಾನು..." ಕೋಚ್ ದನಿ ಇಳಿಯಿತು. "ಒಂದು ನಿಮಿಷ ಕಳ್ಕೊಳ್ತಾಳೆ, ಅಂಗಿ ಹೋಗುತ್ತೆ, ಯಾರ ತಪ್ಪೂ ಅಲ್ಲ ಅಂತ ಆಗುತ್ತೆ ಅಂದ್ಕೊಂಡೆ. ಆ ಹುಡುಗಿ ಹುಚ್ಚು ಹಿಡಿದ ಹಾಗೆ ಬೆನ್ನಟ್ಟಿ ಬಂದು ಇಪ್ಪತ್ತೆರಡೇ ಸೆಕೆಂಡಲ್ಲಿ ಮುಗಿಸ್ತಾಳೆ ಅಂತ ನಾನೇನು ಕನಸು ಕಂಡಿದ್ನಾ?"

ಮಾವ ಬೈಯುತ್ತಾನೆ ಎಂದು ಟಿಕೆಟಮ್ಮ ಕಾದಳು.

"ಇಪ್ಪತ್ತೆರಡು" ಎಂದ ಮಾವ ಕೊನೆಗೆ. "ಹನ್ನೊಂದು ಕಿಲೋಮೀಟರಲ್ಲಿ ಒಬ್ಬಳೇ. ನೋಡಿದ್ಯಾ ನಮ್ಮ ಗುಬ್ಬೀನ?" ದನಿಯಲ್ಲಿ ಹೆಮ್ಮೆ ಇತ್ತು. ಆಮೇಲೆ ಬೈಗುಳ ಬಂತು. "ಕತ್ತೆ! ಮೊದಲು ನನಗೆ ಹೇಳೋಕೆ ಏನಾಗಿತ್ತು? ಅಂಗಿ ಬಿಡು ಅಂತ ನಾನೇ ಹೇಳ್ತಿದ್ದೆ. ನಲವತ್ತು ವರ್ಷದಲ್ಲಿ ಎಷ್ಟು ಅಂಗಿ ಬಿಡಿಸಿಲ್ಲ ನಾನು? ನನ್ನ ಚಕ್ರಕ್ಕೆ ಕೈ ಹಾಕ್ತೀಯಾ? ಮೂಲೆಗಳನ್ನ ದುಂಡಗೆ ಬೇರೆ ಕತ್ತರಿಸಿದ್ದೀಯ!"

"ನೀವೇ ಕಲಿಸಿದ್ದಲ್ವಾ? ಮೂಲೆ ಚೂಪಾಗಿದ್ರೆ ಅಂಟು ಬಿಡುತ್ತೆ ಅಂತ."

"ಅದನ್ನ ತೇಪೆ ಹಾಕೋಕೆ ಕಲಿಸಿದ್ದು ಕಣೇ! ತೂತು ಮಾಡೋಕಲ್ಲ!"

ಟಿಕೆಟಮ್ಮನಿಗೆ ನಗು ಬಂತು. ತಡೆದುಕೊಂಡಳು. ಕೋಚ್ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದನ್ನು ಒರೆಸಲೂ ಕೈ ಬಿಡುವಿರಲಿಲ್ಲ. ಟಿಕೆಟಮ್ಮ ತನ್ನ ಕರವಸ್ತ್ರದಿಂದ ಒರೆಸಿದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಸಿಕ್ಕಿಬಿದ್ದವರ ಕಣ್ಣು ಒರೆಸಿದ್ದು ಇದೇ ಮೊದಲಲ್ಲ.

"ಮಾವನ ಮೇಲೆ ಬರುತ್ತೆ ಅಂತ ಗೊತ್ತಾದ ಮೇಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಎರಡನೇದು ಆಯ್ತು. ಆಗ ಹೆದರಿಕೆ ಆಯ್ತು."

"ನೀವೇ ಮಾಡಿದ್ದಕ್ಕೆ ನೀವೇ ಹೆದರಿದ್ರಾ?"

"ಎರಡನೇದು ನಾನಲ್ಲ."

ಟಿಕೆಟಮ್ಮ ಕರವಸ್ತ್ರ ಮಡಿಸುವುದನ್ನು ನಿಲ್ಲಿಸಿ ಅವಳತ್ತ ತಿರುಗಿದಳು.

"ಆಣೆ ಮಾಡ್ತೀನಿ ಮೇಷ್ಟ್ರೇ. ಮೊದಲ್ನೇದು ನಂದು. ಎರಡನೇದು ನನ್ನದಲ್ಲ. ಯಾರೋ ನನ್ನದನ್ನ ನೋಡಿ ಮಾಡಿದ್ದಾರೆ."

ಟಿಕೆಟಮ್ಮ ಕೈಚೀಲ ತೆರೆದಳು. ಅದರಲ್ಲಿ ಎರಡು ಹಳೆಯ ಟಿಕೆಟ್ ಲಕೋಟೆಗಳು, ಒಂದೊಂದರಲ್ಲೂ ಒಂದು ಚೂರು. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಹೆಬ್ಬೆರಳಿನ ಉಗುರಿನಷ್ಟು, ಎರಡೂ ದುಂಡು ಮೂಲೆಯವು. ಇಷ್ಟನ್ನು ಅವಳು ನಿನ್ನೆಯೇ ನೋಡಿದ್ದಳು. ಆದರೆ ರಬ್ಬರಿನ ಕಪ್ಪು ಮೆತ್ತಿದ್ದರಿಂದ ಬಣ್ಣ ನೋಡಿರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಉಜ್ಜಿದಳು. ಒಂದರ ಬೆನ್ನು ನೀಲಿ. ಇನ್ನೊಂದರದು ಕಂದು.

"ನಿಮ್ಮದು ಯಾವ ಬಣ್ಣ?"

"ನೀಲಿ. ಅಂಗಡಿಯಿಂದ ಹೊಸದು ತಂದಿದ್ದೆ."

"ಕಂದು ನನ್ನ ಪೆಟ್ಟಿಗೇದು" ಎಂದ ಮಾವ ಮುಂದಕ್ಕೆ ಬಾಗಿ. "ಒರಟು ಜಾತಿ. ಬೇಗ ಸವೆಸುತ್ತೆ."

ಅಂದರೆ ಇಬ್ಬರು. ಟಿಕೆಟಮ್ಮ ಚೂರುಗಳನ್ನು ಲಕೋಟೆಗೆ ಸೇರಿಸಿದಳು. ಒಂದು ಬೋಗಿಯಲ್ಲಿ ಟಿಕೆಟ್ ಇಲ್ಲದವನು ಒಬ್ಬ ಸಿಕ್ಕಾಗ ಆಗುವ ಸಂತೋಷ ಬೇರೆ. ಅವನ ಪಕ್ಕದಲ್ಲೇ ಇನ್ನೊಬ್ಬ ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಎಂದು ಗೊತ್ತಾದಾಗ ಆಗುವುದೇ ಬೇರೆ.

"ಇವತ್ತಿನ ಚಕ್ರ?" ಎಂದು ಕೇಳಿದಳು.

"ಬೆಳಿಗ್ಗೆ ನಿಮ್ಮ ಕಣ್ಣೆದುರಿಗೇ ಆರೂ ಸೈಕಲ್ಲಿನ ಟೈರು ಬಿಚ್ಚಿ ನೋಡಿ ಹಾಕಿದ್ದೀನಲ್ಲ. ಆಮೇಲೆ ಓಟ ಶುರುವಾಗೋವರೆಗೆ ನೀವೇ ಅವುಗಳ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತಿದ್ರಿ."

"ಎದ್ದು ಬಚ್ಚಲಿಗೂ ಹೋಗಿಲ್ಲ" ಎಂದಳು ಟಿಕೆಟಮ್ಮ. "ಹಾಗಾದ್ರೆ ಇವತ್ತು ಕ್ಷೇಮ. ಕೋಚಮ್ಮ, ಓಟ ಮುಗಿದ ತಕ್ಷಣ ನೀವು ನನ್ನ ತಂಗಿ ಹತ್ರ ಬಂದು ಇದನ್ನೇ ಹೇಳ್ತೀರಿ. ಮಾವನ ಪರವಾನಗಿ ಉಳಿಯುತ್ತೆ. ನಿಮಗೆ ಏನು ಕೊಡ್ತಾಳೋ ಕೊಡ್ಲಿ."

"ಹೇಳ್ತೀನಿ" ಎಂದಳು ಕೋಚ್.

"ಕಡಿಮೆ ಕೊಡೋಕೆ ಹೇಳಿ" ಎಂದ ಮಾವ. "ಕತ್ತೆ, ಆದ್ರೂ ನಮ್ಮ ಕತ್ತೆ."

ಮೊದಲ ಬಾರಿಗೆ ಮೂವರೂ ಒಟ್ಟಿಗೆ ನಕ್ಕರು. ಹೊರಗೆ ಗುಂಪಿನ ವೇಗ ಏರಿತ್ತು. ಮುಂದೆ ಓಡಿಹೋಗಿದ್ದ ಮೂವರು ಸಿಕ್ಕಿಬಿದ್ದರು ಎಂದು ರೇಡಿಯೋ ಹೇಳಿತು. ಇನ್ನು ಹತ್ತು ಕಿಲೋಮೀಟರ್. ಬೇರೆ ಬೇರೆ ಬಣ್ಣದ ಅಂಗಿಗಳು ಸಾಲು ಕಟ್ಟಿ ದಾರಿಯ ಉದ್ದಕ್ಕೂ ಚಾಚಿಕೊಂಡವು. ದೂರದಲ್ಲಿ, ಎಡ ಅಂಚಿನಲ್ಲಿ, ಏಣಿಯ ಎತ್ತರದ ಬೆನ್ನಿನ ಹಿಂದೆ ಒಂದು ಹಳದಿ ಚುಕ್ಕೆ.

"ಮಾವ, ಒಂದು ಮಾತು. ನಿಮ್ಮ ಹಳೇ ಪದ್ಧತಿ ಕಲಿತವರು, ಬಲಕ್ಕೆ ಹೆಸರು, ದುಂಡು ಮೂಲೆ, ಇಷ್ಟೂ ನಿಮ್ಮ ಕೈಯಿಂದಲೇ ಕಲಿತವರು ಒಟ್ಟು ಎಷ್ಟು ಜನ?"

"ಜಾಸ್ತಿ ಇಲ್ಲ. ನಾನು ಕಲಿಸೋವಾಗ ಬೈಯೋದು ಜಾಸ್ತಿ, ಓಡಿಹೋಗ್ತಾರೆ. ನಿಂತು ಕಲಿತವರು ಮೂರೇ ಜನ. ಒಬ್ಬ ಹಡಗಿನ ಕೆಲಸಕ್ಕೆ ಹೋದ, ಈಗ ಯಾವ ಸಮುದ್ರದಲ್ಲಿದ್ದಾನೋ. ಇವಳೊಬ್ಬಳು. ಇನ್ನೊಬ್ಬಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ದಿನಾ ಅಂಗಡಿಗೆ..."

ಮಾವನ ಕಣ್ಣು ಮುಂದಿನ ಹಳದಿ ಚುಕ್ಕೆಯ ಮೇಲೆ ನಿಂತಿತು.

ಅದೇ ಹೊತ್ತಿಗೆ ರೇಡಿಯೋ ಕರಕರ ಎಂದಿತು. "ಒಂದನೇ ನಂಬರ್. ಕೈ ಎತ್ತಿದ್ದಾಳೆ. ಹಳದಿ ಅಂಗಿ, ಪಂಕ್ಚರ್. ಎಡ ಬದಿ. ತಂಡದ ಕಾರು ಮುಂದೆ ಬರಲಿ."

ಕೋಚ್ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಕಾರು ಹಾರಿತು. ಎಡಗಡೆ ಹುಲ್ಲಿನ ಅಂಚಿನಲ್ಲಿ ಗುಬ್ಬಿ ಒಂದು ಕಾಲೂರಿ ನಿಂತಿದ್ದಳು. ಪಕ್ಕದಲ್ಲಿ ತೀರ್ಪುಗಾರರ ಮೋಟಾರ್ ಬೈಕು, ಅದರ ಹಿಂದಿನ ಸೀಟಿನಿಂದ ಒಬ್ಬ ಗಡಿಯಾರ ನೋಡುತ್ತಿದ್ದ. ಗುಂಪು ಆಗಲೇ ಮುನ್ನೂರು ಗಜ ದೂರ.

ಕಾರು ನಿಲ್ಲುವ ಮೊದಲೇ ಮಾವ ಇಳಿದಿದ್ದ. ಅರವತ್ತೆರಡು ವರ್ಷದ ಮನುಷ್ಯ ಒಂದು ಕೈಯಲ್ಲಿ ಚಕ್ರ ಹಿಡಿದು ಹಾಗೆ ಓಡುವುದನ್ನು ಟಿಕೆಟಮ್ಮ ಎಲ್ಲೂ ನೋಡಿರಲಿಲ್ಲ. ಅವನು ಬಗ್ಗಿ ಹಿಂದಿನ ಚಕ್ರಕ್ಕೆ ಕೈ ಹಾಕಿದ.

ಕೈ ಅರೆಕ್ಷಣ ನಿಂತಿತು.

ಅವನು ತಲೆ ಎತ್ತಿ ಗುಬ್ಬಿಯನ್ನು ನೋಡಿದ. ಗುಬ್ಬಿ ನೋಡಲಿಲ್ಲ. ದಾರಿಯನ್ನೇ ನೋಡುತ್ತಿದ್ದಳು. ಮೋಟಾರ್ ಬೈಕಿನವನು ಇಬ್ಬರನ್ನೂ ನೋಡುತ್ತಿದ್ದ.

ಮಾವ ಚಕ್ರ ಬಿಚ್ಚಿದ, ಹೊಸದನ್ನು ಕೂರಿಸಿದ, ಅವಳ ಬೆನ್ನಿಗೆ ಕೈಯಿಟ್ಟು ಇಪ್ಪತ್ತು ಹೆಜ್ಜೆ ತಳ್ಳಿಕೊಂಡು ಓಡಿದ. ಗುಬ್ಬಿ ಹೊರಟಳು. ಅವಳು ತುಳಿಯುತ್ತಿದ್ದಳು. ಆದರೆ ಬೆನ್ನಟ್ಟುತ್ತಿರಲಿಲ್ಲ. ಸಂತೆಯಿಂದ ಮನೆಗೆ ಹೋಗುವವಳಂತೆ ತುಳಿಯುತ್ತಿದ್ದಳು.

ಮಾವ ಏದುಸಿರು ಬಿಡುತ್ತ ಬಂದ. ಕೈಯಲ್ಲಿದ್ದ ಚಕ್ರವನ್ನು ಮುಂದಿನ ಕಿಟಕಿಯಿಂದ ಟಿಕೆಟಮ್ಮನ ಮಡಿಲಿಗೆ ಎಸೆದು ಹಿಂದೆ ಹತ್ತಿ ಬಾಗಿಲು ಎಳೆದುಕೊಂಡ. ಕಾರು ಹೊರಟಿತು.

ಟಿಕೆಟಮ್ಮ ಟೈರಿನ ಮೇಲೆ ಹೆಬ್ಬೆರಳು ಒತ್ತಿದಳು. ಇನ್ನೊಂದು ಕಡೆ ಒತ್ತಿದಳು. ಸುತ್ತಲೂ ಒತ್ತಿಕೊಂಡು ಬಂದಳು.

ಕಲ್ಲಿನ ಹಾಗಿತ್ತು. ಬೆಳಿಗ್ಗೆ ಮಾವ ತುಂಬಿದ ಗಾಳಿ ಒಂದು ಉಸಿರೂ ಕಡಿಮೆಯಾಗಿರಲಿಲ್ಲ.

"ಇದರಲ್ಲಿ ಗಾಳಿ ಇದೆ" ಎಂದಳು ಅವಳು ಮೆಲ್ಲಗೆ.

"ಏನು?" ಕೋಚ್ ತಿರುಗಿದಳು. ಕಾರು ವಾಲಿತು.

"ಪಂಕ್ಚರ್ ಆಗಿಲ್ಲ. ಅವಳು ಸುಮ್ಮನೇ ಕೈ ಎತ್ತಿದ್ದಾಳೆ. ಮೂರನೇದು ಆದ್ರೆ ಮಾವನಿಗೆ ಏನಾಗುತ್ತೆ ಅಂತ ಬೆಳಿಗ್ಗೆ ಅವಳೂ ಕೇಳಿದ್ದಾಳೆ. ಕೇಳಿಯೂ..." ಟಿಕೆಟಮ್ಮ ಚಕ್ರವನ್ನು ಮಡಿಲಲ್ಲಿ ಸರಿಯಾಗಿ ಹಿಡಿದುಕೊಂಡಳು. ತಿರುಗಿ ಮಾವನನ್ನು ನೋಡಿದಳು. "ಆದ್ರೆ ನೀವು ಉಳಿದ್ರಿ ಮಾವ. ಈ ಚಕ್ರ ನನ್ನ ತಂಗಿಗೆ ತೋರಿಸಿದ್ರೆ ಸಾಕು. ಗಾಳಿ ತುಂಬಿದ ಚಕ್ರಕ್ಕೆ ಮೆಕ್ಯಾನಿಕ್ಕನ್ನ ಯಾರೂ ಮನೆಗೆ ಕಳಿಸಲ್ಲ."

"ಕೊಡಿ ಇಲ್ಲಿ" ಎಂದ ಮಾವ.

ಅವಳು ಸೀಟುಗಳ ಮಧ್ಯದಿಂದ ಚಕ್ರವನ್ನು ಹಿಂದಕ್ಕೆ ದಾಟಿಸಿದಳು. ಅವನೂ ಒತ್ತಿ ನೋಡುತ್ತಾನೆ ಎಂದುಕೊಂಡಳು. ಅವನು ಒತ್ತಲಿಲ್ಲ. ಅಂಗಿಯ ಜೇಬಿನಿಂದ ಹಳೇ ಟೈರು ಹೊಲಿಯುವ ದಬ್ಬಣ ತೆಗೆದ. ಚಕ್ರವನ್ನು ಮಂಡಿಗೆ ಆನಿಸಿಕೊಂಡು, ನೋಯುವ ಬಲ ಭುಜದ ಪೂರ್ತಿ ಬಲ ಹಾಕಿ, ದಬ್ಬಣವನ್ನು ಟೈರಿನೊಳಕ್ಕೆ ಇಳಿಸಿದ.

ಸುಸ್ಸೆಂದು ಗಾಳಿ ಹೊರಟಿತು.

"ಮಾವ!"

"ಪಂಕ್ಚರ್ ಆಗಿತ್ತು" ಎಂದ ಅವನು. ಮುಖದಲ್ಲಿ ಏನೂ ಇರಲಿಲ್ಲ. "ಸುಳ್ಳು ಕೈ ಎತ್ತಿದವಳನ್ನ ಓಟದಿಂದಲೇ ತೆಗೆದುಹಾಕ್ತಾರೆ ಟಿಕೆಟಮ್ಮ. ನಾನು ಹೋದ್ರೆ ಒಬ್ಬ ಮುದುಕ ಹೋದ ಅಷ್ಟೇ. ಅವಳು ಯಾಕೆ ಹೀಗೆ ಮಾಡಿದ್ಲು ಅಂತ ನೀವು ಹುಡುಕಿ. ಹುಡುಕೋವರೆಗೆ ಅವಳು ಓಟದಲ್ಲಿರ್ಬೇಕು."

ರೇಡಿಯೋದ ಕೆಂಪು ದೀಪ ಹತ್ತಿತು. ಈ ಸಲ ಬಂದದ್ದು ಮುಖ್ಯ ತೀರ್ಪುಗಾರ್ತಿಯ ದನಿ. ನಿಯಮದ ಮಾತು ಬಿಟ್ಟು, ತಂಗಿಯ ದನಿಯಲ್ಲೇ ಕೇಳಿದಳು:

"ಅಕ್ಕಾ, ಕಾರಲ್ಲಿ ನೀನಿದ್ದೀಯಲ್ಲ? ನನಗೆ ಬೇರೆಯವರ ಮಾತು ಬೇಡ, ನಿನ್ನ ಮಾತು ಸಾಕು. ಚಕ್ರ ಕೈಗೆ ಬಂದಾಗ ಅದರಲ್ಲಿ ಗಾಳಿ ಇತ್ತಾ, ಇಲ್ವಾ?"

ಕೋಚ್ ಕಣ್ಣು ದಾರಿಯ ಮೇಲಿತ್ತು. ಮೈಕು ಟಿಕೆಟಮ್ಮನ ಕೈಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಚಕ್ರ ಇನ್ನೂ ಉಸಿರು ಬಿಡುತ್ತಲೇ ಇತ್ತು. ಗುಂಡಿ ಒತ್ತಿದರೆ ಆ ಸದ್ದು ತಂಗಿಗೂ ಕೇಳುವಷ್ಟು ಗಟ್ಟಿಯಾಗಿ.